ಕೋವಿಗೆ ಹೊಸ ಮರ ಹಾಕಿಸುವಾಗ

ಮಳೆಗಾಲ ಕಳೆದ ಮೇಲೆ ಕೋವಿಯ ಮರ ಸೀಳಿದೆ, ಹೊಸದು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವ ಸದಸ್ಯರುಂಟು. ಮರ ಸಿಗುವುದು ಕಷ್ಟವಲ್ಲ, ಕೂರಿಸುವುದೇ ಕೆಲಸ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೇ ಕಲಮಿನಂತೆ ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು. ಊರ ಬಡಗಿಗೆ, ಅವನೆಷ್ಟೇ ಕೈಗಾರನಿರಲಿ, ಒಪ್ಪಿಸುವಂತಿಲ್ಲ. ಆದರೂ ಮಾಡಿಸುವ ನಮಗೆ ಕೆಲಸದ ಮರ್ಮ ತಿಳಿದಿರಬೇಕು.

ನಮ್ಮವರಲ್ಲಿರುವ .315 ರೈಫಲು ಲೀ-ಎನ್‌ಫೀಲ್ಡ್ ಮಾದರಿಯದು. ಮರ ಎರಡು ತುಂಡು. ಹೆಗಲಿಗಾನಿಸುವ ತುಂಡನ್ನು ಅದರೊಳಗೆ ಉದ್ದಕ್ಕೆ ಹೋಗುವ ಬೋಲ್ಟು ಹಿಡಿದಿರುತ್ತದೆ. ಇದೇ ಜಾತಿಯ ಹಳೆಯ ಸೈನಿಕ ರೈಫಲುಗಳಲ್ಲಿ ಆ ಬೋಲ್ಟಿನ ಚೌಕ ತುದಿ ಮುಂದಿನ ಮರಕ್ಕೆ ಸಿಕ್ಕಿಕೊಂಡಿರುತ್ತದೆ. ಮುಂದಿನದನ್ನು ಬಿಚ್ಚದೆ ಬೋಲ್ಟು ತಿರುಗಿಸಿದರೆ ಆ ಮರ ಸೀಳಿತೆಂದೇ ಲೆಕ್ಕ. ಆದ್ದರಿಂದ ಯಾವಾಗಲೂ ಮುಂದಿನದು ಮೊದಲು.

ಕಬ್ಬಿಣಕ್ಕೆ ದೀಪದ ಕಾಡಿಗೆ ತೆಳ್ಳಗೆ ಸವರಿ, ಮರದಲ್ಲಿ ಕೂರಿಸಿ ತೆಗೆದರೆ ತಾಗುವ ಜಾಗಕ್ಕೆ ಕಪ್ಪು ಹತ್ತುತ್ತದೆ. ಅಲ್ಲಷ್ಟೇ ಕೂದಲೆಳೆಯಷ್ಟು ಕೆರೆದು ಮತ್ತೆ ಕೂರಿಸಿ ನೋಡಬೇಕು. ಹೀಗೆ ಹತ್ತಾರು ಸಲ. ಅರ್ಧ ಗಂಟೆಯಲ್ಲಿ ಮುಗಿಸಿ ಕೊಟ್ಟ ಕೆಲಸವನ್ನು ನಾವಂತೂ ನಂಬೆವು. ಕೋವಿ ಹಿಂದಕ್ಕೆ ಒದೆಯುವ ಪೆಟ್ಟು ಮರದ ಎರಡೂ ಪಕ್ಕಕ್ಕೆ ಸಮನಾಗಿ ಬೀಳದಿದ್ದರೆ ಹೊಸ ಮರವೂ ಬಿರುಕು ಬಿಡುತ್ತದೆ.

ಕೈಯಲ್ಲಿ ಹಿಡಿಯುವ ಸಣ್ಣ ಕತ್ತಿನಲ್ಲಿ ಮರದ ಎಳೆ ಉದ್ದಕ್ಕೇ ಓಡಿರಬೇಕು. ಅಡ್ಡ ಹೋಗಿದ್ದರೆ ಬೇಡವೆನ್ನಿ.

ಇನ್ನು ನಮ್ಮ ಮಳೆ. ಹೊರಗೆ ಪಾಲಿಶ್ ಹೊಡೆದು ಒಳಗನ್ನು ಹಾಗೇ ಬಿಟ್ಟರೆ ಮರ ತೇವ ಕುಡಿದು ಉಬ್ಬಿ, ನಳಿಗೆಯನ್ನು ಒತ್ತಿ, ಗುರಿ ತಪ್ಪಿಸುತ್ತದೆ. ಒಳಭಾಗಕ್ಕೂ ಹಿಂದಿನ ತಟ್ಟೆಯಡಿಯ ಕೊಯ್ದ ತುದಿಗೂ ಅಗಸೆ ಎಣ್ಣೆ ಹಿಡಿಸಲು ಹೇಳಿ. ಕೋವಿ ಒಪ್ಪಿಸುವಾಗ ತೋಟಾ ಇಲ್ಲವೆಂದು ನೋಡಿ, ರಸೀದಿಯಲ್ಲಿ ಅದರ ನಂಬರು ಬರೆಸಿಕೊಳ್ಳಿ.