ಕಾಗದ ಕೂಡಿಸಲು ಹೋಗಿ ಅಕ್ಷರ ಕಳೆದುಕೊಂಡ ಕಥೆ

ಕಳೆದ ಕುಯ್ಲು ಮುಗಿದ ಮೇಲೆ ನಮ್ಮ ಸಂಘದ ಕಚೇರಿಯಲ್ಲಿ ನಡೆದ ಸಂಗತಿಯೊಂದನ್ನು ಸದಸ್ಯ ಬಾಂಧವರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ತಪ್ಪು ನಮ್ಮದೇ ಆದ್ದರಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಎರಡು ಎಕರೆ ಹಿಡುವಳಿಯ ಸದಸ್ಯರೊಬ್ಬರು ಹಿಂದಿನ ಮೂರು ವರ್ಷ ಸಂಘಕ್ಕೆ ಹಾಕಿದ ಚೆರಿ ಮತ್ತು ರಾಶಿ ಅಡಿಕೆಯ ತೂಕದ ಚೀಟಿಗಳ ನಕಲು ಕೇಳಿಕೊಂಡು ಬಂದರು. ಸಾಲದ ನವೀಕರಣಕ್ಕೆ ಬ್ಯಾಂಕಿನವರು ಅದನ್ನು ಕೇಳಿದ್ದರು; ಗಡುವಿಗೆ ನಾಲ್ಕೇ ದಿನ ಉಳಿದಿತ್ತು. ಹಳೆಯ ಲೆಕ್ಕವನ್ನೆಲ್ಲ ಹೊರಗಿನವರೊಬ್ಬರಿಂದ ಒಂದೇ ಪಿಡಿಎಫ್ ಕಡತವಾಗಿ ಕೂಡಿಸಿ ಇಟ್ಟುಕೊಂಡಿದ್ದ ನಾವು ಧೈರ್ಯವಾಗಿ ಗಣಕಯಂತ್ರದ ಮುಂದೆ ಕುಳಿತೆವು. ಸದಸ್ಯ ಸಂಖ್ಯೆ ಹಾಕಿ ಹುಡುಕಿದೆವು, ಸಿಗಲಿಲ್ಲ. ಹೆಸರು ಹಾಕಿದೆವು, ಸಿಗಲಿಲ್ಲ. ಸರ್ವೆ ನಂಬರು ಹಾಕಿದೆವು, ಅದೂ ಇಲ್ಲ. ನಮ್ಮ ಕಣ್ಣಿಗೆ ಪುಟ ಪುಟವೂ ಸ್ಪಷ್ಟವಾಗಿ ಕಾಣುತ್ತಿದೆ, ಯಂತ್ರಕ್ಕೆ ಮಾತ್ರ ಒಂದಕ್ಷರವೂ ಕಾಣದು! ಕೊನೆಗೆ ಗುಮಾಸ್ತರೂ ನಾವೂ ಎರಡು ರಾತ್ರಿ ಕುಳಿತು ಒಂದೊಂದೇ ಪುಟ ಸರಿಸಿ, ಗಡುವಿನ ಹಿಂದಿನ ಸಂಜೆ ಚೀಟಿಗಳನ್ನು ಹುಡುಕಿ ಕೊಟ್ಟೆವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ನಮ್ಮಂಥ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಚೂರು ಕಾಗದಕ್ಕಾಗಿ ಸಂಘದ ಮಾನ ಹೋಗುವುದರಲ್ಲಿತ್ತು.

ಕೆಂಗೇರಿಯಲ್ಲಿ ಕಲಿತ ಪಾಠ

ನಮ್ಮ ಸದಸ್ಯರೊಬ್ಬರ ಮಗಳು ಬೆಂಗಳೂರಿನ ಕೆಂಗೇರಿ ಉಪನಗರದಲ್ಲಿದ್ದು, ಗಣಕಯಂತ್ರದ ಕೆಲಸ ಬಲ್ಲವರು. ಒಂದು ಭಾನುವಾರ ಕಡತವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮೆಟ್ರೋ ಹಿಡಿದು ಅವರ ಮನೆಗೆ ಹೋದೆವು. 2021ರಿಂದ ಕೆಂಗೇರಿಗೆ ಮೆಟ್ರೋ ಬಂದಿರುವುದು ನಮ್ಮಂಥವರಿಗೆ ದೊಡ್ಡ ಅನುಕೂಲ. ಕಾಫಿ ಲೋಟ ಕೆಳಗಿಡುವುದರೊಳಗೆ ಆಕೆ ರೋಗ ಪತ್ತೆಮಾಡಿದರು: "ಮಾವ, ಇದರಲ್ಲಿ ಅಕ್ಷರವೇ ಇಲ್ಲ. ಬರೀ ಫೋಟೋ."

ಆಗಿದ್ದು ಇಷ್ಟೆ. ನಮ್ಮ ಲೆಕ್ಕವಿರುವುದು ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ದತ್ತಾಂಶ ತಂತ್ರಾಂಶದಲ್ಲಿ. ಅದು ಪ್ರತಿ ಸದಸ್ಯರ ಪಟ್ಟಿಯನ್ನೂ ಪಿಡಿಎಫ್ ಆಗಿ ನೇರವಾಗಿ ಕೊಡಬಲ್ಲದು. ಆದರೆ ಹತ್ತಾರು ಪಿಡಿಎಫ್‌ಗಳನ್ನು ಒಂದಾಗಿ ಹೊಲಿಯುವ ಆಜ್ಞೆ ಅದರಲ್ಲಿಲ್ಲ. ಹೊರಗಿನವರು ಸುಲಭದ ದಾರಿ ಹಿಡಿದು ಎಲ್ಲವನ್ನೂ ಮುದ್ರಿಸಿ, ಒಟ್ಟಿಗೆ ಸ್ಕ್ಯಾನ್ ಮಾಡಿ ಕೊಟ್ಟಿದ್ದರು. ಕಾಗದವೇನೋ ಒಂದಾಯಿತು, ಅಕ್ಷರ ಸತ್ತಿತು.

ಪಿಡಿಎಫ್ ಎಂಬ ರೂಪವನ್ನು ಅಡೋಬಿ ಕಂಪೆನಿ ಹೊರತಂದದ್ದು 1993ರಲ್ಲಿ; 2008ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕವಾಯಿತು. ಅದರೊಳಗೆ ಅಕ್ಷರವನ್ನೂ ಇಡಬಹುದು, ಚಿತ್ರವನ್ನೂ ಇಡಬಹುದು. ಅಕ್ಷರವಿದ್ದರೆ ಯಂತ್ರ ಹುಡುಕುತ್ತದೆ. ಚಿತ್ರವಾದರೆ 'ರೋಬಸ್ಟಾ ಚೆರಿ' ಎಂಬ ಬರಹವೂ ತೋಟದ ಫೋಟೋವೂ ಅದಕ್ಕೆ ಒಂದೇ.

ಭೂಮಿ ಯೋಜನೆಯ ಉದಾಹರಣೆ ಇಲ್ಲಿ ನೆನೆಯತಕ್ಕದ್ದು. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ಕೈಬರಹದ ಪುಟಗಳ ಚಿತ್ರ ತೆಗೆದು ಸುಮ್ಮನಾಗಲಿಲ್ಲ. ಹೆಸರು, ವಿಸ್ತೀರ್ಣ, ಸರ್ವೆ ನಂಬರುಗಳನ್ನು ಅಕ್ಷರವಾಗಿಯೇ ತುಂಬಿದರು. ಆದ್ದರಿಂದಲೇ ಇಂದು ಸರ್ವೆ ನಂಬರು ಹೇಳಿದರೆ ಪಹಣಿ ಕೈಗೆ ಬರುತ್ತದೆ.

ಸರಿಯಾದ ಬಗೆ

ಕೆಂಗೇರಿಯಿಂದ ಹಿಂತಿರುಗಿದ ಮೇಲೆ ನಾವು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇವೆ. ಇತರ ಸಂಘಗಳವರಿಗೂ, ತೋಟದ ಲೆಕ್ಕವನ್ನು ಗಣಕದಲ್ಲಿ ಇಡುವ ಸದಸ್ಯರಿಗೂ ಉಪಯೋಗವಾದೀತು.

1. ಕೂಡಿಸದೆ ಆಗುವುದಾದರೆ ಕೂಡಿಸಬೇಡಿ. ತೂಕ, ಪಾವತಿ, ಷೇರು ಈ ಮೂರು ಪಟ್ಟಿಗಳನ್ನು ದತ್ತಾಂಶ ತಂತ್ರಾಂಶದೊಳಗೇ ಒಂದು ದೊಡ್ಡ ವರದಿಯ ಉಪವರದಿಗಳಾಗಿ ಜೋಡಿಸಿದರೆ, ಒಂದೇ ಸಲಕ್ಕೆ ಒಂದೇ ಪಿಡಿಎಫ್ ಬರುತ್ತದೆ. ಹೊಲಿಗೆಯೇ ಬೇಡ.

2. ಪಹಣಿ, ಬ್ಯಾಂಕಿನ ಪತ್ರ ಮುಂತಾದ ಹೊರಗಿನ ಕಡತಗಳನ್ನೂ ಸೇರಿಸಬೇಕಾದರೆ ಕ್ಯೂಪಿಡಿಎಫ್ ಅಥವಾ ಪಿಡಿಎಫ್‌ಟಿಕೆ ಎಂಬ ಉಚಿತ ಸಾಧನಗಳನ್ನು ಬಳಸಬಹುದು. ಇವು ಮೂಲದ ಪುಟಗಳನ್ನು ಇದ್ದ ಹಾಗೆಯೇ ಎತ್ತಿ ಸಾಲಾಗಿ ಇಟ್ಟು, ಯಾವ ಭಾಗ ಎಲ್ಲಿದೆಯೆಂಬ ಒಳಪಟ್ಟಿಯನ್ನು ಮಾತ್ರ ಹೊಸದಾಗಿ ಬರೆಯುತ್ತವೆ. ಚೀಲ ಬಿಚ್ಚದೆ, ಚೀಲದ ಮೇಲಿನ ಚೀಟಿ ಕೀಳದೆ ಲಾರಿಗೆ ಪೇರಿಸಿದ ಹಾಗೆ.

3. ಈ ಸಾಧನವನ್ನು ಆಕ್ಸೆಸ್ ಒಳಗಿನಿಂದಲೇ ಆಜ್ಞೆ ಕೊಟ್ಟು ಓಡಿಸಬಹುದು. ಆದರೆ ಅದು ಹೊರಗಿನ ಕೆಲಸ ಮುಗಿಯುವವರೆಗೆ ತಾನಾಗಿ ಕಾಯುವುದಿಲ್ಲ. ಕೂಡಿಸುವ ಕೆಲಸ ಅರ್ಧದಲ್ಲಿರುವಾಗಲೇ ಮುಂದಿನ ಆಜ್ಞೆಗೆ ಹೋಗಿ ಅರೆಬರೆ ಕಡತವನ್ನು ಅಂಚೆಗೆ ಹಾಕಿಬಿಡುತ್ತದೆ. ಕೆಲಸ ಮುಗಿಯುವ ತನಕ ಕಾಯುವಂತೆ ಬರೆಸಿಕೊಳ್ಳಬೇಕು.

4. ಕಡತಗಳಿಗೆ 01, 02, 03 ಎಂದು ಹೆಸರಿಡಿ. ಬರೀ 1, 2 ಎಂದರೆ ಎಷ್ಟೋ ಸಾಧನಗಳಲ್ಲಿ 10 ಬಂದು 2ಕ್ಕಿಂತ ಮುಂದೆ ನಿಲ್ಲುತ್ತದೆ. ಡಿಸೆಂಬರಿನ ಚೀಟಿ ಫೆಬ್ರವರಿಗೆ ಮುಂಚೆ ಬರುತ್ತದೆ.

5. ಡಿಜಿಟಲ್ ಸಹಿ ಇರುವ ಪಿಡಿಎಫ್ ಅನ್ನು ಕೂಡಿಸಿದರೆ ಸಹಿಯ ಸಿಂಧುತ್ವ ಉಳಿಯುವುದಿಲ್ಲ. ಮೂಲವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಅತ್ಯವಶ್ಯ.

ಕನ್ನಡದ ವಿಶೇಷ ತೊಡಕು

ಇಷ್ಟೆಲ್ಲ ಮಾಡಿದರೂ ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಬರಹ, ನುಡಿ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಕನ್ನಡದ ಆಕಾರಗಳು ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷ್. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸ್ಥಾನವಿದೆ. ಲೆಕ್ಕವನ್ನು ಅದರಲ್ಲೇ ಇಡುವುದು ಕ್ಷೇಮ.

ಯೂನಿಕೋಡ್‌ನಲ್ಲಿದ್ದರೂ ಪರೀಕ್ಷೆ ಬೇಕು. 'ಸರ್ವೆ' ಎಂಬ ಪದವನ್ನೇ ನೋಡಿ. ನಾವು ಅರ್ಕಾವೊತ್ತನ್ನು 'ವೆ'ಯ ನಂತರ ಬರೆಯುತ್ತೇವೆ. ಸಂಕೇತದಲ್ಲಿ ರಕಾರ ಅದಕ್ಕಿಂತ ಮುಂಚೆ ಬರುತ್ತದೆ. ಪಿಡಿಎಫ್ ಆಗುವಾಗ ಯಂತ್ರ ಮುಖ್ಯವಾಗಿ ಆಕಾರಗಳನ್ನು ಜೋಡಿಸಿಡುತ್ತದೆ; ಯಾವ ಆಕಾರ ಯಾವ ಅಕ್ಷರ ಎಂಬ ಪಟ್ಟಿ ಸರಿಯಿಲ್ಲದಿದ್ದರೆ ಹುಡುಕಾಟ ತಪ್ಪುತ್ತದೆ. ಕೂಡಿಸುವ ಮೊದಲೇ ಕೆಟ್ಟಿದ್ದರೆ ಕೂಡಿಸಿದ ಮೇಲೆ ಸರಿಹೋಗದು. ಆದ್ದರಿಂದ ಮೊದಲು ಒಂದು ಪುಟ ತೆರೆದು 'ಸರ್ವೆ' ಎಂದು ಹುಡುಕಿ ನೋಡಿ. ಕೂಡಿಸಿದ ಮೇಲೆ ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿ.

ಇದಕ್ಕೆ ಕೆಂಗೇರಿಯ ಆ ತಾಯಿ ಹೇಳಿದ ಉಪಾಯ ನಮಗೆ ಬಹಳ ಹಿಡಿಸಿತು: ಪ್ರತಿ ಪುಟದ ತಲೆಯಲ್ಲೂ ಸದಸ್ಯ ಸಂಖ್ಯೆ, ಸರ್ವೆ ನಂಬರು, ವರ್ಷ ಅಂಕಿಗಳಲ್ಲಿ ಅಚ್ಚಾಗಲಿ. ಒತ್ತಕ್ಷರ ಕೈಕೊಟ್ಟರೂ ಅಂಕಿ ಸಾಮಾನ್ಯವಾಗಿ ಕೈಕೊಡುವುದಿಲ್ಲ.

ಹಳೆಯ ಚೀಟಿಗಳು

ಈಗಾಗಲೇ ಚಿತ್ರವಾಗಿರುವ ಅಚ್ಚಿನ ಪುಟಗಳಿಗೆ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶವಿದೆ. ಅದು ಕನ್ನಡ ಅಚ್ಚನ್ನು ಓದಿ, ಚಿತ್ರದ ಹಿಂದೆ ಕಾಣದಂತೆ ಅಕ್ಷರದ ಪದರವೊಂದನ್ನು ಇಡುತ್ತದೆ. ಈ ಕೆಲಸ ಕೂಡಿಸುವ ಮೊದಲೇ ಆಗಬೇಕು. ಅದರ ಓದಿನಲ್ಲಿ ತಪ್ಪುಗಳಿರುತ್ತವೆ. ಕೈಬರಹದ ಚೀಟಿಯನ್ನಂತೂ ಅದರಿಂದ ಓದಿಸುವ ಆಸೆ ಬೇಡ. ಅಂಥ ಚೀಟಿಗಳ ಕಂತೆಗೆ ಸದಸ್ಯ ಸಂಖ್ಯೆ, ದಿನಾಂಕ, ತೂಕ ಬೆರಳಚ್ಚು ಮಾಡಿದ ಮುಖಪುಟವೊಂದನ್ನು ಸೇರಿಸುತ್ತಿದ್ದೇವೆ. ನಿಧಾನದ ಕೆಲಸ, ಆದರೆ ಭದ್ರ.

ಈಗಲೇ ಏಕೆ?

ಕಾಗದದ ಬೆಲೆ ಮುಂದೆ ಏರುವುದೇ ಹೊರತು ಇಳಿಯುವುದಿಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಅರಣ್ಯನಾಶ ತಡೆ ನಿಯಮದ ಪಟ್ಟಿಯಲ್ಲಿ ಕಾಫಿ ಇದೆ. ಅಲ್ಲಿಗೆ ಹೋಗುವ ಕಾಫಿ ಯಾವ ಜಮೀನಿನದೆಂದು ಭೂಗುರುತು ಸಮೇತ ತೋರಿಸಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ್ದಾಗಿರಕೂಡದು. ಜಾರಿಯ ದಿನ ಮುಂದೆ ಹೋಗಿದ್ದರೂ ನಿಯಮ ಹೋಗಿಲ್ಲ. ಕೊಳ್ಳುವವರು ರಫ್ತುದಾರರನ್ನು ಕೇಳುತ್ತಾರೆ, ರಫ್ತುದಾರರು ನಮ್ಮನ್ನು ಕೇಳುತ್ತಾರೆ. ದೊಡ್ಡ ಎಸ್ಟೇಟಿನವರಿಗೆ ಇದಕ್ಕೆಂದೇ ಆಫೀಸು ಇದೆ. ಎರಡು ಎಕರೆಯವರಿಗೆ ಇರುವುದು ಸಂಘವೊಂದೇ. ಅವರ ಸರ್ವೆ ನಂಬರು ಕೇಳಿದಾಗ ಸಂಘದ ಕಡತ ಮೂಕವಾದರೆ, ಚೊಕ್ಕವಾಗಿ ಒಣಗಿಸಿದ ಪಾರ್ಚ್‌ಮೆಂಟೂ ಮಾತನಾಡಲಾರದು.

ಆದ್ದರಿಂದ ಸದಸ್ಯರಲ್ಲಿ ಮೂರು ವಿನಂತಿ. ಮಾಲು ಹಾಕುವಾಗ ಚೀಟಿಯಲ್ಲಿ ಸದಸ್ಯ ಸಂಖ್ಯೆ ಮತ್ತು ಸರ್ವೆ ನಂಬರು ಬರೆಸದೆ ತಕ್ಕಡಿಯ ಬಳಿಯಿಂದ ಕದಲಬೇಡಿ. ಪಹಣಿ ಮೊದಲಾದುವು ಪಿಡಿಎಫ್ ಆಗಿಯೇ ನಿಮ್ಮ ಮೊಬೈಲಿಗೆ ಬಂದಿದ್ದರೆ ಅದನ್ನು ಮುದ್ರಿಸಿ ಫೋಟೋ ತೆಗೆದು ಕಳಿಸಬೇಡಿ, ಆ ಕಡತವನ್ನೇ ಕಳಿಸಿ. ಗಣಕದಲ್ಲಿ ಏರಿತೆಂದು ಮೂಲ ಚೀಟಿಯನ್ನು ಒಲೆಗೆ ಹಾಕಬೇಡಿ. ಹಳೆಯ ಕಡತ ಸರಿಪಡಿಸುವ ಕೆಲಸವನ್ನು ಸಣ್ಣ ಹಿಡುವಳಿದಾರರ ಪುಟಗಳಿಂದಲೇ ಆರಂಭಿಸಿದ್ದೇವೆ. ಕಚೇರಿಗೆ ಬಂದಾಗ ನಿಮ್ಮ ಸಂಖ್ಯೆ ಹೇಳಿ, ನಿಮ್ಮ ಎದುರಿಗೇ ಹುಡುಕಿಸಿ ನೋಡಿ. ಸಿಗದಿದ್ದರೆ ನಮ್ಮನ್ನು ಕೇಳುವ ಹಕ್ಕು ನಿಮಗಿದೆ.