ಕಾಲಿನ ತುರಿಕೆ ವರ್ಷವಾದರೂ ಹೋಗುತ್ತಿಲ್ಲವೇ? ಡಾಕ್ಟರಿಗೆ ಚಪ್ಪಲಿಯನ್ನೂ ತೋರಿಸಿ

ಇವತ್ತು ಪಾದದ ಇಸುಬಿನ ಬಗ್ಗೆ, ಅಂದರೆ ಎಕ್ಸಿಮಾ.

ನಮ್ಮ ಬಿಲ್ಡಿಂಗಿನಲ್ಲಿ ಕುಂದಾಪುರ ಕಡೆಯವರೊಬ್ಬರಿದ್ದಾರೆ. ಮುಂಬಯಿಯ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ. ಎರಡೂ ಪಾದಗಳ ಮೇಲೆ ತುರಿಕೆ. ಕೆರೆದರೆ ನೀರು ಒಸರುತ್ತದೆ, ಒಣಗಿದರೆ ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ. ಮೂರು ವರ್ಷ ಮೆಡಿಕಲ್ ಅಂಗಡಿಯ ಟ್ಯೂಬ್ ಹಚ್ಚಿದರು. ಹಚ್ಚಿದರೆ ಎರಡೇ ದಿನಕ್ಕೆ ಕಡಿಮೆ, ಬಿಟ್ಟ ವಾರಕ್ಕೆ ಮತ್ತೆ ಹಾಜರ್. ಊರಿಗೆ ಹೋಗಿ ತಿಂಗಳಿದ್ದಾಗ ಮಾತ್ರ ತಾನಾಗಿ ಇಳಿಯುತ್ತಿತ್ತು. ‘ಮುಂಬಯಿ ನೀರು ಆಗಿಬರುವುದಿಲ್ಲ’ ಎಂದು ಮನೆಯವರ ತೀರ್ಮಾನ. ತಪ್ಪು ನೀರಿನದಲ್ಲ, ಡ್ಯೂಟಿಗೆ ಹಾಕುತ್ತಿದ್ದ ರಬ್ಬರ್ ಚಪ್ಪಲಿಯದು. ಪಟ್ಟಿ ತಾಗುವಲ್ಲೇ ಇಸುಬು!

ರಬ್ಬರಿಗೆ ಬೆರೆಸುವ ರಾಸಾಯನಿಕ, ಚರ್ಮ ಹದಮಾಡಲು ಬಳಸುವ ಕ್ರೋಮಿಯಂ, ಶೂಗಳ ಅಂಟು, ಇವು ಕೆಲವರಿಗೆ ಅಲರ್ಜಿ. ‘ಹತ್ತು ವರ್ಷದಿಂದ ಇದೇ ಹಾಕುತ್ತಿದ್ದೇನಲ್ಲ’ ಎನ್ನಬೇಡಿ, ಅಲರ್ಜಿ ವರ್ಷಗಳ ನಂತರವೂ ಶುರುವಾಗುತ್ತದೆ. ಬೆವರು, ಒದ್ದೆ ಸಾಕ್ಸ್ ಇದನ್ನು ಹೆಚ್ಚಿಸುತ್ತವೆ. ಮಳೆಗಾಲದ ಲೋಕಲ್ ಟ್ರೇನಿನಲ್ಲಿ ದಿನವಿಡೀ ನೆಂದ ಶೂ ಹಾಕಿಕೊಂಡು ಓಡಾಡುವವರಿಗೆ ಇದು ಗೊತ್ತೇ ಇರುತ್ತದೆ.

ಬೆರಳ ಸಂದಿಯಲ್ಲಿ, ಅದರಲ್ಲೂ ಕಿರುಬೆರಳ ಪಕ್ಕ ಬೆಳ್ಳಗೆ ಸುಲಿದಿದ್ದರೆ, ಅಥವಾ ಒಂದೇ ಪಾದದಲ್ಲಿದ್ದರೆ ಫಂಗಸ್ ಇರಬಹುದು. ಅದರ ಔಷಧವೇ ಬೇರೆ. ಚರ್ಮವನ್ನು ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತಿಳಿಯುತ್ತದೆ. ಅಂಗಡಿಯವನು ಕೊಡುವ ಟ್ಯೂಬಿನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್, ಫಂಗಸ್ ಔಷಧ, ಆಂಟಿಬಯೋಟಿಕ್ ಮೂರೂ ಬೆರೆತಿರುತ್ತವೆ. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ. ಆಮೇಲೆ ಡಾಕ್ಟರಿಗೂ ಗುರುತು ಹಿಡಿಯುವುದು ಕಷ್ಟ.

ಹಾಗೆಂದು ಸ್ಟೀರಾಯ್ಡ್ ವಿಷವಲ್ಲ. ಇಸುಬು ಎಂದು ಖಚಿತವಾದರೆ ಅದೇ ಮುಖ್ಯ ಔಷಧ. ಹೆದರಿ ಎರಡು ದಿನಕ್ಕೆ ನಿಲ್ಲಿಸುವುದೂ ತಪ್ಪೇ. ಅಂಗಾಲಿನ ಚರ್ಮ ದಪ್ಪ, ಡಾಕ್ಟರು ಹೇಳಿದಷ್ಟು ವಾರ ಹಚ್ಚಿ, ಅವರು ಹೇಳಿದಂತೆಯೇ ಕಡಿಮೆ ಮಾಡಿ. ಸ್ನಾನವಾದ ಕೂಡಲೇ ಪಾದ ಒರೆಸಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಿ. ಬಿಸಿನೀರು ಹೊಯ್ದುಕೊಂಡರೆ ಆ ಕ್ಷಣ ಹಾಯೆನಿಸುತ್ತದೆ, ರಾತ್ರಿ ತುರಿಕೆ ದುಪ್ಪಟ್ಟು.

ಅಲರ್ಜಿ ಯಾವುದಕ್ಕೆಂದು ತಿಳಿಯಲು ಪ್ಯಾಚ್ ಟೆಸ್ಟ್ ಇದೆ. ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಹಾಗಾಗಿ ರಜೆ ನೋಡಿಕೊಂಡು ಹೋಗಿ. ದಿನಾ ಹಾಕುವ ಚಪ್ಪಲಿ, ಶೂ, ಹಚ್ಚಿದ ಟ್ಯೂಬಿನ ಖಾಲಿ ಡಬ್ಬಿ ಎಲ್ಲ ಚೀಲಕ್ಕೆ ಹಾಕಿಕೊಳ್ಳಿ. ಹಿಂದಿ, ಮರಾಠಿಯಲ್ಲಿ ವಿವರಿಸಲು ತಡವರಿಸುವ ಅಪ್ಪ ಅಮ್ಮನಿಗೆ ಇದು ಅರ್ಧ ಮಾತು ಉಳಿಸುತ್ತದೆ.

ನಮ್ಮ ಕುಂದಾಪುರದವರು ಕೆಲಸ ಬಿಡಬೇಕಾಗುತ್ತದೆಂದೇ ಇಷ್ಟು ವರ್ಷ ಹೆದರಿ ಕೂತಿದ್ದರು. ಬಿಡಬೇಕಾಗಲಿಲ್ಲ. ರಬ್ಬರಿಲ್ಲದ ಪಿವಿಸಿ ಚಪ್ಪಲಿಗೆ ಬದಲಾಯಿಸಿದರು, ಹಳೆಯ ಸಾಕ್ಸ್‌ಗಳನ್ನೂ ಎಸೆದರು. ಆ ರಾಸಾಯನಿಕ ಒಗೆದರೂ ಪೂರ್ತಿ ಹೋಗುವುದಿಲ್ಲ.

ಕೀವು, ಜ್ವರ, ಮೇಲಕ್ಕೇರುವ ಕೆಂಪು ಕಂಡರೆ ಅಥವಾ ಸಕ್ಕರೆ ಕಾಯಿಲೆಯವರ ಪಾದ ಬಿರಿದು ಹುಣ್ಣಾದರೆ ಅದೇ ದಿನ ಡಾಕ್ಟರ ಬಳಿ ಹೋಗಿ.