ಪಾಸ್‌ವರ್ಡ್ ಸರಿಯಿದ್ದರೂ ಖಾತೆ ಲಾಕ್ ಆಗುವುದೇಕೆ?

ನಮ್ಮಲ್ಲಿ ದ್ವಿತೀಯ ಪಿಯುಸಿ ಮುಗಿಸಿ ವಿಶ್ವವಿದ್ಯಾಲಯ ಸೇರಿದ ಹಳೆಯ ವಿದ್ಯಾರ್ಥಿಗಳು, ಕಂಪ್ಯೂಟರ್ ಪಾಠ ಹೇಳಿದ ಸಲುಗೆಯಿಂದ ನನಗೆ ಆಗಾಗ ಫೋನ್ ಮಾಡುತ್ತಾರೆ. ಹಲವರು ಕೇಳುವ ಪ್ರಶ್ನೆ ಒಂದೇ: “ಸರ್, ಪಾಸ್‌ವರ್ಡ್ ಸರಿಯಾಗಿಯೇ ಹಾಕ್ತಿದ್ದೇನೆ. ಆದರೂ ಅಕೌಂಟ್ ಲಾಕ್ ಆಗಿದೆ ಅಂತ ಬರ್ತಿದೆ. ಯಾರಾದರೂ ಹ್ಯಾಕ್ ಮಾಡಿದ್ದಾರಾ?” ಎಷ್ಟೋ ಸಲ ಅಸೈನ್‌ಮೆಂಟ್ ಸಲ್ಲಿಸಲು ಅಥವಾ ಪರೀಕ್ಷೆಯ ಅರ್ಜಿ ತುಂಬಲು ಒಂದೇ ದಿನ ಉಳಿದಿರುತ್ತದೆ. ಮುಂದಿನ ವರ್ಷ ಈ ಸರದಿ ನಿಮ್ಮದೂ ಆಗಬಹುದು. ಹಾಗಾಗಿ ಇದನ್ನು ಈಗಲೇ ತಿಳಿದಿಟ್ಟುಕೊಳ್ಳಿ.

ಹೆಚ್ಚಿನ ಸಂದರ್ಭಗಳಲ್ಲಿ ಹ್ಯಾಕರ್ ಯಾರೂ ಇರುವುದಿಲ್ಲ. ಬಾಗಿಲು ಬಡಿಯುತ್ತಿರುವುದು ನಿಮ್ಮದೇ ಫೋನ್, ಹಳೆಯ ಕೀಲಿ ಹಿಡಿದುಕೊಂಡು.

ಅನೇಕ ವಿಶ್ವವಿದ್ಯಾಲಯಗಳಲ್ಲಿ ಇಮೇಲ್, ವೈಫೈ, ಗ್ರಂಥಾಲಯ, ತರಗತಿಯ ಪೋರ್ಟಲ್ ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇರುತ್ತದೆ. ನೀವು ಅದನ್ನು ಒಂದು ಕಡೆ ಬದಲಾಯಿಸುತ್ತೀರಿ. ಆದರೆ ಫೋನಿನ ಮೇಲ್ ಆ್ಯಪ್, ವೈಫೈ ಸೆಟ್ಟಿಂಗ್, ಲ್ಯಾಪ್‌ಟಾಪ್ ಇವಕ್ಕೆ ಆ ಸುದ್ದಿ ತಲುಪಿರುವುದಿಲ್ಲ. ಅವು ಉಳಿಸಿಕೊಂಡ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳಿಸುತ್ತವೆ. ನೀವು ನಿದ್ದೆಯಲ್ಲಿದ್ದರೂ ಅವು ಸುಮ್ಮನಿರುವುದಿಲ್ಲ.

ಇಷ್ಟು ಸಲ ತಪ್ಪಾದರೆ ಖಾತೆ ಮುಚ್ಚಬೇಕು ಎಂಬ ನಿಯಮವನ್ನು ಆಯಾ ಸಂಸ್ಥೆ ಹಾಕಿಕೊಂಡಿರುತ್ತದೆ. ಇದು ಬೇಕಾದ ನಿಯಮವೇ. ನಾಲ್ಕಂಕಿಯ ಪಿನ್‌ಗೆ ಇರುವುದು 10,000 ಸಾಧ್ಯತೆಗಳು ಮಾತ್ರ. ತಡೆಯುವವರಿಲ್ಲದಿದ್ದರೆ ಯಂತ್ರವೊಂದು ಅಷ್ಟನ್ನೂ ಬೇಗನೆ ಪ್ರಯತ್ನಿಸಿ ಮುಗಿಸುತ್ತದೆ. ತೊಂದರೆ ಏನೆಂದರೆ, ಕಳ್ಳನ ತಪ್ಪು ಪಾಸ್‌ವರ್ಡ್ ಯಾವುದು, ನಿಮ್ಮ ಫೋನಿನ ಹಳೆಯ ಪಾಸ್‌ವರ್ಡ್ ಯಾವುದು ಎಂದು ಸರ್ವರ್‌ಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ.

ಇಲ್ಲೇ ಹಲವರು ಎಡವುತ್ತಾರೆ. ಖಾತೆ ಲಾಕ್ ಆಗಿರುವಾಗ ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡುವುದಿಲ್ಲ. ‘ನಾನೇ ಮರೆತಿರಬೇಕು’ ಎಂದುಕೊಂಡು ಮತ್ತೊಮ್ಮೆ ಪಾಸ್‌ವರ್ಡ್ ಬದಲಾಯಿಸುತ್ತಾರೆ. ಆಗ ಅಲ್ಲಿಯವರೆಗೆ ಸರಿಯಿದ್ದ ಸಾಧನಗಳಲ್ಲೂ ಹಳೆಯದೇ ಉಳಿದು ತೊಂದರೆ ಇಮ್ಮಡಿಯಾಗುತ್ತದೆ.

ಎಡ್ಯುರೋಮ್ ಎಂಬ ವೈಫೈ ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಭಾರತದಲ್ಲಿ ಇದನ್ನು ಅರ್ನೆಟ್ ಇಂಡಿಯಾ ನಿರ್ವಹಿಸುತ್ತದೆ. ನೀವು ಬೇರೆ ಊರಿನ ಕ್ಯಾಂಪಸ್ಸಿನಲ್ಲಿದ್ದರೂ ಪಾಸ್‌ವರ್ಡ್ ಪರಿಶೀಲನೆ ನಡೆಯುವುದು ನಿಮ್ಮ ಸಂಸ್ಥೆಯ ಸರ್ವರ್‌ನಲ್ಲೇ. ಹಾಗಾಗಿ ಅಲ್ಲಿ ಆದ ತಪ್ಪೂ ಇಲ್ಲಿಯ ಲೆಕ್ಕಕ್ಕೆ ಸೇರಬಹುದು.

ಪರಿಹಾರವನ್ನು ಈ ಕ್ರಮದಲ್ಲಿ ಮಾಡಿ:

1. ಮೊದಲು ಫೋನ್, ಟ್ಯಾಬ್, ಲ್ಯಾಪ್‌ಟಾಪ್ ಎಲ್ಲದರ ಇಂಟರ್ನೆಟ್ ಆಫ್ ಮಾಡಿ. ಬಡಿಯುವುದು ನಿಲ್ಲದೆ ಬೀಗ ತೆಗೆಸಿ ಪ್ರಯೋಜನವಿಲ್ಲ.

2. ಲಾಕ್ ಅವಧಿ ಮುಗಿಯುವವರೆಗೆ ಕಾಯಿರಿ, ಇಲ್ಲವೇ ಹೆಲ್ಪ್‌ಡೆಸ್ಕ್‌ಗೆ ಹೇಳಿ ತೆಗೆಸಿ.

3. ಹಳೆಯ ಪಾಸ್‌ವರ್ಡ್ ಅಳಿಸಿ. ವೈಫೈ ಸೆಟ್ಟಿಂಗ್‌ನಲ್ಲಿ ‘ಫರ್ಗೆಟ್’ ಒತ್ತಿ. ಮೇಲ್ ಆ್ಯಪ್‌ನಿಂದ ಆ ಖಾತೆ ತೆಗೆಯಿರಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳ ಪಟ್ಟಿ ನೋಡಿ. ವಿಂಡೋಸ್ ಲ್ಯಾಪ್‌ಟಾಪ್ ಆದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆಯಿರಿ.

4. ಒಂದೇ ಸಾಧನದಲ್ಲಿ ಹೊಸ ಪಾಸ್‌ವರ್ಡನ್ನು ಕೈಯಿಂದಲೇ ಟೈಪ್ ಮಾಡಿ ಲಾಗಿನ್ ಆಗಿ. ಉಳಿದವನ್ನು ಒಂದೊಂದಾಗಿ ಸೇರಿಸಿ. ಯಾವುದನ್ನು ಸೇರಿಸಿದ ಮೇಲೆ ಮತ್ತೆ ಲಾಕ್ ಆಯಿತೋ ಮೊದಲ ಅನುಮಾನ ಅದರ ಮೇಲೆ.

ಇಷ್ಟಾದರೂ ನಿಲ್ಲದಿದ್ದರೆ ಮರೆತುಹೋದ ಸಾಧನವೊಂದು ಎಲ್ಲೋ ಇದೆ ಎಂದರ್ಥ. ಹಳೆಯ ವಿದ್ಯಾರ್ಥಿನಿಯೊಬ್ಬಳ ಖಾತೆ ದಿನಾ ಸಂಜೆ ಲಾಕ್ ಆಗುತ್ತಿತ್ತು. “ನಿನ್ನ ಹಳೇ ಫೋನ್ ಎಲ್ಲಿದೆಯಮ್ಮ?” ಎಂದು ಕೇಳಿದೆ. ಊರಿನಲ್ಲಿ ತಮ್ಮನ ಕೈಯಲ್ಲಿತ್ತು. ಅವನು ಶಾಲೆಯಿಂದ ಬಂದು ಆಟವಾಡಲು ಡೇಟಾ ಆನ್ ಮಾಡಿದೊಡನೆ ಅದರ ಮೇಲ್ ಆ್ಯಪ್ ಕೆಲಸ ಶುರು ಮಾಡುತ್ತಿತ್ತು. ಆ ಖಾತೆಯನ್ನು ಫೋನಿನಿಂದ ತೆಗೆಸಿದ ಮೇಲೆ ಸಮಸ್ಯೆ ಮುಗಿಯಿತು.

ಹೆಲ್ಪ್‌ಡೆಸ್ಕ್‌ನಲ್ಲಿ “ಅನ್‌ಲಾಕ್ ಮಾಡಿ” ಎಂದಷ್ಟೇ ಹೇಳಬೇಡಿ. “ತಪ್ಪು ಪಾಸ್‌ವರ್ಡ್ ಯಾವ ಸಾಧನದಿಂದ, ಎಷ್ಟು ಹೊತ್ತಿಗೆ ಬಂದಿದೆ ನೋಡ್ತೀರಾ?” ಎಂದು ಕೇಳಿ. ವಿಂಡೋಸ್ ಸರ್ವರ್ ಇರುವಲ್ಲಿ ಖಾತೆ ಲಾಕ್ ಆದಾಗ ಸಾಮಾನ್ಯವಾಗಿ 4740 ಸಂಖ್ಯೆಯ ದಾಖಲೆ ಮೂಡುತ್ತದೆ; ಸಮಯವೂ ಕಂಪ್ಯೂಟರಿನ ಹೆಸರೂ ಅದರಲ್ಲಿರುತ್ತವೆ. ದಾಖಲೆಯಲ್ಲಿರುವ ಸಾಧನ ನಿಮ್ಮದಲ್ಲವೆಂದಾದರೆ ಮಾತ್ರ ಹ್ಯಾಕಿಂಗ್ ಬಗ್ಗೆ ಯೋಚಿಸಿ, ತಕ್ಷಣ ಅವರಿಗೆ ತಿಳಿಸಿ.

ಎರಡು ಎಚ್ಚರಿಕೆಗಳು. ‘ನಿಮ್ಮ ಖಾತೆ ಲಾಕ್ ಆಗಿದೆ, ಇಲ್ಲಿ ಒತ್ತಿ’ ಎಂದು ಬರುವ ಮೇಲ್‌ನ ಲಿಂಕ್ ಒತ್ತಬೇಡಿ. ವಿಶ್ವವಿದ್ಯಾಲಯದ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ. ಪಾಸ್‌ವರ್ಡನ್ನು ಸೈಬರ್ ಅಂಗಡಿಯವರಿಗಾಗಲಿ, ಹೆಲ್ಪ್‌ಡೆಸ್ಕ್‌ನವರಿಗಾಗಲಿ ಹೇಳಬೇಡಿ. ಬೀಗ ತೆಗೆಯಲು ಅವರಿಗೆ ಅದು ಬೇಕಾಗಿಲ್ಲ.

ಪಾಸ್‌ವರ್ಡ್ ಬದಲಾಯಿಸುವ ಮುನ್ನ, ಅದು ಎಲ್ಲೆಲ್ಲಿ ಉಳಿದಿದೆ ಎಂದು ಒಂದು ಚೀಟಿಯಲ್ಲಿ ಪಟ್ಟಿ ಮಾಡಿ. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯಬೇಡಿ. ಆ ಕೆಲಸವನ್ನು ಕೊನೆಯ ದಿನಾಂಕದ ಹಿಂದಿನ ರಾತ್ರಿ ಇಟ್ಟುಕೊಳ್ಳದೆ, ಹೆಲ್ಪ್‌ಡೆಸ್ಕ್ ತೆರೆದಿರುವ ಒಂದು ದಿನ ಬೆಳಿಗ್ಗೆ ಮಾಡಿ ಮುಗಿಸಿ.